ಬಿಟ್ಟುಕೊಟ್ಟ ದನಿ

ತಿಗನಾರೆಯ ಚನ್ನಯ್ಯನ ಟೀ ಅಂಗಡಿಗೆ ಬೆಳಗಿನ ಬಸ್ಸಿನಲ್ಲಿ ಒಂದು ತಮಿಳು ಪೇಪರು ಬರುತ್ತಿತ್ತು. ತರಿಸುವವನು ಚನ್ನಯ್ಯ, ಓದುವವನು ಶಿವಮೂರ್ತಿ. ಊರಿನ ಮಾತು ಕನ್ನಡ, ಊರು ಸೇರಿದ್ದು ತಮಿಳುನಾಡಿಗೆ, ಹಾಗಾಗಿ ತಮಿಳು ಬಾರದವರು ಅಲ್ಲಿ ಯಾರೂ ಇರಲಿಲ್ಲ. ಸಂತೆಯಲ್ಲಿ, ಆಫೀಸಿನಲ್ಲಿ, ಬಸ್ಸಿನ ಕಂಡಕ್ಟರನ ಜೊತೆ ಎಲ್ಲರೂ ತಮಿಳಿನಲ್ಲೇ ಜಗಳವಾಡಿ ಗೆದ್ದು ಬರುತ್ತಿದ್ದರು. ಆದರೆ ಅಕ್ಷರ ಕೂಡಿಸಿ ಓದುವುದು ಬೇರೆ ವಿಷಯ. ವಯಸ್ಸಾದವರಲ್ಲಿ ಶಾಲೆಗೆ ಹೋದವರು ಕನ್ನಡ ಶಾಲೆಗೆ ಹೋಗಿದ್ದರು. ಶಿವಮೂರ್ತಿ ಒಬ್ಬನೇ ಸತ್ಯಮಂಗಲದ ಹಾಸ್ಟೆಲಿನಲ್ಲಿದ್ದು ತಮಿಳಿನಲ್ಲಿ ಓದಿ ಬಂದವನು. ವಯಸ್ಸು ಐವತ್ತು ದಾಟಿದರೂ ಆ ಠೀವಿ ಇಳಿದಿರಲಿಲ್ಲ.

ಅವನು ಗಟ್ಟಿಯಾಗಿ ಓದಿಬಿಟ್ಟಿದ್ದರೆ ಬೆಂಚಿನ ಮೇಲೆ ಕೂತ ಎಲ್ಲರಿಗೂ ಅರ್ಥವಾಗಿಬಿಡುತ್ತಿತ್ತು. ಹಾಗೆ ಓದಿದರೆ ಅವನ ದೊಡ್ಡಸ್ತಿಕೆಗೆ ಏನು ಉಳಿಯಿತು? ಆದ್ದರಿಂದ ಮೊದಲು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದ. ಹುಬ್ಬು ಏರಿಸುತ್ತಿದ್ದ, ಒಮ್ಮೆ ‘ಹೂಂ’ ಎನ್ನುತ್ತಿದ್ದ, ಟೀ ಗುಟುಕರಿಸುತ್ತಿದ್ದ. ಎಲ್ಲರೂ ಕಾದು ಕಾದು ಸುಸ್ತಾದ ಮೇಲೆ ಪೇಪರು ಮಡಿಸಿ, ಸುದ್ದಿಯನ್ನು ಕನ್ನಡದಲ್ಲಿ, ತನ್ನದೊಂದು ಒಗ್ಗರಣೆ ಹಾಕಿ ಹೇಳುತ್ತಿದ್ದ. ಪೇಪರಿನಲ್ಲಿ ಎರಡು ಸಾಲು ಇದ್ದದ್ದು ಶಿವಮೂರ್ತಿಯ ಬಾಯಲ್ಲಿ ಅರ್ಧ ಗಂಟೆಯಾಗುತ್ತಿತ್ತು. ಅದರಲ್ಲಿ ಪೇಪರಿನದು ಯಾವುದು, ಶಿವಮೂರ್ತಿಯದು ಯಾವುದು ಎಂದು ಯಾರೂ ಕೇಳುತ್ತಿರಲಿಲ್ಲ. ಟೀ ಕುಡಿಯಲು ಬಂದವರು ಅವರು, ಸಾಕ್ಷಿ ವಿಚಾರಣೆಗೆ ಬಂದವರಲ್ಲ.

2008ರಲ್ಲಿ ಒಂದು ಬೆಳಿಗ್ಗೆ ಬಂದ ಸುದ್ದಿ ಮಾತ್ರ ಅವನ ಮನೆಯದೇ ಆಗಿತ್ತು. ಅದು ಅವನ ಸ್ವಂತ ಅಕ್ಕನ ಮಗ ಮಧುಕುಮಾರನ ಕೇಸಿನ ಸುದ್ದಿ.

ಮಧುಕುಮಾರನಿಗೆ ತಾಳವಾಡಿಯ ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ, ಟಿವಿ ರಿಪೇರಿಯ ಅಂಗಡಿ. ಹೊಲಕ್ಕೆ ಬಂದ ಆನೆ ಬೇಲಿಯ ತಂತಿ ಮುಟ್ಟಿದರೆ ಕೂಗಿಕೊಳ್ಳುವ ಒಂದು ಪೆಟ್ಟಿಗೆಯನ್ನು ಅವನು ಮಾಡಿದ್ದ. ಕೂಗುವ ಪೆಟ್ಟಿಗೆ ಮಾಡುವುದೇನೂ ಮಹಾ ಅಲ್ಲ. ಆದರೆ ಒಂದೇ ಸದ್ದನ್ನು ನಾಲ್ಕು ದಿನ ಕೇಳಿದ ಮೇಲೆ ಆನೆ ಅದಕ್ಕೆ ಸೊಪ್ಪು ಹಾಕುವುದಿಲ್ಲ, ಸೈರನ್ ಒಂದು ಕಡೆ ಬಡಿದುಕೊಳ್ಳುತ್ತಿದ್ದರೆ ತಾನು ಇನ್ನೊಂದು ಕಡೆ ನಿಂತು ಜೋಳ ಮುರಿದು ತಿನ್ನುತ್ತದೆ. ಮಧುಕುಮಾರನ ಪೆಟ್ಟಿಗೆ ಪ್ರತಿ ಸಲವೂ ಬೇರೆ ಸದ್ದನ್ನು ಬೇರೆ ಮೂಲೆಯಿಂದ ಹೊರಡಿಸುತ್ತಿತ್ತು. ಒಮ್ಮೆ ತಮಟೆ, ಒಮ್ಮೆ ಜೇನುಹುಳದ ಸದ್ದು, ಒಮ್ಮೆ ನಂಜನ ಕೂಗು. ಆ ಅದಲುಬದಲಿನ ಉಪಾಯಕ್ಕೇ ಅವನಿಗೆ ಪೇಟೆಂಟು ಸಿಕ್ಕಿದ್ದು.

ನಂಜ ತಾಳಮಲೆ ಕಡೆಯ ಕಾಡಿನ ಸೋಲಿಗ. ತಿಗನಾರೆಯ ಹೊಲಗಳಿಗೆ ಕೂಲಿಗೂ ಕಾವಲಿಗೂ ಬರುತ್ತಿದ್ದ. ಕಾಡುದಾರಿಯಲ್ಲಿ ನಡೆಯುವಾಗ ತಿರುವು ಬಂದಾಗಲೆಲ್ಲ “ನಾವು ಬತ್ತಾವಿ ಸಾಮಿ, ದಾರಿ ಬುಡೂ” ಎಂದು ರಾಗವಾಗಿ ಕೂಗುವುದು ಅವನಿಗೆ ಅಪ್ಪನಿಂದ ಬಂದ ಅಭ್ಯಾಸ. ಮನುಷ್ಯ ಬರುವುದು ಮೊದಲೇ ತಿಳಿದರೆ ಆನೆ ಪಕ್ಕಕ್ಕೆ ಸರಿಯುತ್ತದೆ, ತಿಳಿಯದೆ ಎದುರಾದರೆ ಕಷ್ಟ. ಆ ಕೂಗನ್ನು ಮಧುಕುಮಾರ ಟೇಪಿನಲ್ಲಿ ಹಿಡಿದು ಪೆಟ್ಟಿಗೆಗೆ ತುಂಬಿದ್ದ. ಪೇಟೆಂಟಿನ ಕೆಲಸ ನೋಡಿಕೊಂಡ ಕಾಲೇಜಿನವರು ದನಿ ಬಳಸಿಕೊಳ್ಳಲು ಒಪ್ಪಿಗೆಯೆಂದು ನಂಜನಿಂದಲೂ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು.

ಆಮೇಲೆ ಕೊಯಮತ್ತೂರಿನ ಒಂದು ಕಂಪನಿ ಆ ಪೆಟ್ಟಿಗೆಯನ್ನು ಮಾಡಿ ಮಾರಲು ಮಧುಕುಮಾರನಿಂದ ಲೈಸೆನ್ಸು ಪಡೆಯಿತು. ಸ್ವಲ್ಪ ಕಾಲ ಎಲ್ಲ ಸರಿಯಾಗಿತ್ತು. ಮುಂದೆ ಕಂಪನಿ ಒಳಗಿನ ಒಂದೆರಡು ಭಾಗ ಬದಲಾಯಿಸಿ, ಇದು ನಮ್ಮದೇ ಹೊಸ ಪೆಟ್ಟಿಗೆ, ಇದಕ್ಕೆ ನಿನ್ನ ಲೈಸೆನ್ಸು ಬೇಕಿಲ್ಲ ಎಂದಿತು. ಮಧುಕುಮಾರ ಚೆನ್ನೈನಲ್ಲಿ ಕೇಸು ಹಾಕಿದ. ಊರು ಅವನ ಬೆನ್ನಿಗೆ ನಿಂತಿತು. ಶಿವಮೂರ್ತಿಯೂ ನಿಂತಿದ್ದ, ಆದರೆ ಅವನೊಳಗೆ ಒಂದು ಮುಳ್ಳು ಮುರಿದುಕೊಂಡಿತ್ತು. ಪೇಟೆಂಟಿನ ಅರ್ಜಿಯನ್ನು ತಮಿಳಿನಲ್ಲಿ ಬರೆದುಕೊಡಲು ಅಳಿಯ ತನ್ನನ್ನೇ ಕರೆಯುತ್ತಾನೆಂದು ಅವನು ಹೊಸ ಪೆನ್ನು ತಂದಿಟ್ಟುಕೊಂಡಿದ್ದ. ಅಳಿಯ ಕಾಲೇಜಿನವರ ಹತ್ತಿರ ಹೋದ, ಅರ್ಜಿ ಇಂಗ್ಲಿಷಿನಲ್ಲಿ ಹೋಯಿತು.

ಆ ಬೆಳಿಗ್ಗೆ ಪೇಪರಿನ ಒಳಪುಟದ ಮೂಲೆಯಲ್ಲಿ ಇದ್ದದ್ದು ನಾಲ್ಕೇ ಸಾಲು. ಆನೆ ಪೆಟ್ಟಿಗೆಯ ಪೇಟೆಂಟು ತಕರಾರಿನಲ್ಲಿ ‘ಇರು ತರಪ್ಪುಂ ವಿಟ್ಟುಕ್ಕೊಡುತ್ತು’ ರಾಜಿ ಮಾಡಿಕೊಂಡಿದ್ದಾರೆ. ಕೇಸು ಹಿಂದಕ್ಕೆ ತೆಗೆದುಕೊಳ್ಳಲಾಗಿದೆ. ರಾಜಿಯ ಷರತ್ತುಗಳನ್ನು ಎರಡು ಕಡೆಯವರೂ ಹೊರಗೆ ಹೇಳಿಲ್ಲ. ಅಷ್ಟೆ.

ಆ ತಮಿಳು ಮಾತಿನ ಅರ್ಥ ಶಿವಮೂರ್ತಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಕಡೆಯವರೂ ಹಟ ಸಡಿಲಿಸಿ ಒಂದಿಷ್ಟು ತಗ್ಗಿದರು ಎಂದು ಅದರ ಅರ್ಥ. ಹೊಸದಾಗಿ ಮದುವೆಯಾದವರಿಗೆ ತಮಿಳು ಹಿರಿಯರು ಬುದ್ಧಿ ಹೇಳುವಾಗ ಬಳಸುವ ಮರ್ಯಾದೆಯ ಮಾತು ಅದು. ಅದನ್ನೇ ಕನ್ನಡದ ಬಾಯಿಗೆ ಹಾಕಿಕೊಂಡು ಒಂದು ಸುತ್ತು ತಿರುಗಿಸಿದರೆ ‘ಬಿಟ್ಟುಕೊಟ್ಟ’, ಅಂದರೆ ನಂಬಿದವರನ್ನು ಕೈಬಿಟ್ಟ ಎಂದಾಗುತ್ತದೆ. ಶಿವಮೂರ್ತಿ ತಿರುಗಿಸಿದ.

“ಬುಟ್ಕೊಟ್ಬುಟ್ಟ ಕಣ,” ಎಂದ, ಪೇಪರು ಮಡಿಸುತ್ತ.

“ಯಾರ್ನ?” ಎಂದು ಕೇಳಿದವನು ದೊಡ್ಡಯ್ಯ. ಬೆಂಚಿನ ಕಾಯಂ ಗಿರಾಕಿ, ಎಂಥ ಸಣ್ಣ ಸುದ್ದಿಗೂ ಗೊಬ್ಬರ ಹಾಕಿ ಬೆಳೆಸುವ ಆಸಾಮಿ.

“ಇನ್ಯಾರ್ನ? ನಮ್ಮುನ್ನೆಲ್ಲ. ಕೇಸ್ನೂ ಬುಟ್ಕೊಟ್ಟ, ಪೆಟ್ಗನೂ ಬುಟ್ಕೊಟ್ಟ. ಅದ್ಕ ಏನ್ ತಕ್ಕಂಡ್ನೋ, ಅದ್ನ ಮಾತ್ರ ಇಬ್ರೂ ಬಾಯ್ಬುಟ್ಟಿಲ್ಲ.”

“ಬಾಯ್ಬುಟ್ಟಿಲ್ಲ ಅಂದ್ರ ದೊಡ್ದಾಗೇ ತಕ್ಕಂಡವ್ನ.”

“ನಾನಂದ್ನಾ? ನೀನಂದದ್ದು,” ಎಂದು ಶಿವಮೂರ್ತಿ ಕೈ ತೊಳೆದುಕೊಂಡ. ಮಾತು ಇನ್ನೊಬ್ಬರ ಬಾಯಿಂದ ಬರುವಂತೆ ಮಾಡುವುದರಲ್ಲಿ ಅವನು ಪಳಗಿದವನು.

ಅಂಗಡಿಯ ಹೊರಗೆ ಕಲ್ಲಿನ ಮೇಲೆ ಕೂತು ನಂಜ ಟೀ ಕುಡಿಯುತ್ತಿದ್ದ. ಶಿವಮೂರ್ತಿಯ ಕಣ್ಣು ಅವನ ಮೇಲೆ ಬಿತ್ತು. ಒಗ್ಗರಣೆಗೆ ಸಾಸಿವೆ ಸಿಕ್ಕಿತು ಎಂದುಕೊಂಡ.

“ಏನ್ಲಾ ನಂಜ, ಇನ್ಮೇಲ ಕಾಡ್ನಲ್ಲಿ ಬಾಯ್ ಬುಟ್ಟೀಯ, ಉಸಾರು. ನಿನ್ ದನಿನೂ ಕಂಪ್ನಿಗ ಓಗಾಯ್ತು. ಎಬ್ಬೆಟ್ಟು ಒತ್ತಿದ್ದೀಯಲ್ಲ.”

ಬೆಂಚು ಪೂರ್ತಿ ನಕ್ಕಿತು. ಚನ್ನಯ್ಯ ನಕ್ಕ ರಭಸಕ್ಕೆ ಹಾಲು ಚೆಲ್ಲಿಕೊಂಡ. ನಂಜ ನಗಲಿಲ್ಲ. ಲೋಟ ಕೆಳಗಿಟ್ಟು ಎದ್ದು ನಿಂತ.

“ನಾನು ಕೂಗಂಗಿಲ್ವಾ ಬುದ್ದಿ?”

ಅಲ್ಲಿಗೆ ನಿಲ್ಲಿಸಬಹುದಿತ್ತು. ತಮಾಷೆ ಕಣಪ್ಪ ಎಂದಿದ್ದರೆ ಸಾಕಿತ್ತು. ಆದರೆ ಎಲ್ಲರೂ ಶಿವಮೂರ್ತಿಯ ಬಾಯನ್ನೇ ನೋಡುತ್ತಿದ್ದರು, ಇನ್ನೊಂದು ನಗು ಬಾಕಿ ಇತ್ತು. ಅವನು ಮಡಿಸಿದ ಪೇಪರನ್ನು ಬೆರಳಿನಿಂದ ತಟ್ಟಿ ತೋರಿಸಿದ.

“ನೀ ಕೂಗುದ್ರ ರಾಜಿ ಮುರುದೋಯ್ತದ. ಕೇಸು ಮತ್ತ ಎದ್ದು ಕೂತ್ಕತದ. ಮದುಕುಮಾರ್ನ ತಕ್ಕೊಂಡೋಗಿ ಒಳಗ ಆಕ್ತರ.”

ನಂಜ ಒಮ್ಮೆ ಪೇಪರನ್ನು, ಒಮ್ಮೆ ಶಿವಮೂರ್ತಿಯನ್ನು ನೋಡಿ ತಲೆಯಾಡಿಸಿದ. ಮಧುಕುಮಾರನ ಹೆಸರು ಬರುತ್ತಲೇ ಅವನ ಮುಖ ಬದಲಾದದ್ದನ್ನು ಶಿವಮೂರ್ತಿ ಕಂಡಿದ್ದ. ಕಂಡೂ ಸುಮ್ಮನಿದ್ದ. ಆಮೇಲೆ ಎಷ್ಟೋ ಸಲ ಅವನಿಗೆ ಆ ಮುಖ ನೆನಪಾಗುತ್ತಿತ್ತು.

ಮಾತು ಊರು ಸುತ್ತಿತು. ತಾಳವಾಡಿ ಸಂತೆ ಮುಗಿಯುವ ಹೊತ್ತಿಗೆ ಮಧುಕುಮಾರ ಕೊಯಮತ್ತೂರಿನಲ್ಲಿ ಮನೆ ಕಟ್ಟಿಸುತ್ತಿದ್ದ. ಮಾರನೆಯ ದಿನ ಆ ಮನೆಗೆ ಮಹಡಿ ಬಂತು. ಕಂಪನಿಯವರು ಬಂದು ಹೊಲದಲ್ಲಿರುವ ಪೆಟ್ಟಿಗೆಗಳನ್ನೆಲ್ಲ ಕಿತ್ತುಕೊಂಡು ಹೋಗುತ್ತಾರೆಂದು ಕೆಲವರು ತಾವೇ ಬಿಚ್ಚಿ ಅಟ್ಟಕ್ಕೆ ಹಾಕಿದರು. ತಿಗನಾರೆಯವರ ರೇಡಿಯೋಗಳು ರಿಪೇರಿಗೆ ಬೇರೆ ಅಂಗಡಿಗೆ ಹೋಗತೊಡಗಿದವು.

ಒಂದು ಸಂಜೆ ಮಧುಕುಮಾರ ಮಾವನ ಮನೆಗೆ ಬಂದ. ಶಿವಮೂರ್ತಿಯ ಹೆಂಡತಿ ಲೋಕೇಶ್ವರಿ ಕೊಟ್ಟ ಕಾಫಿಯನ್ನು ಮುಟ್ಟದೆ ಜಗುಲಿಯ ಅಂಚಿನಲ್ಲಿ ಕೂತ.

“ಮಾವ, ಪೇಪರ್ನಲ್ಲಿ ಎಷ್ಟದೋ ಅಷ್ಟ ಯೋಳಿ. ಮಿಕ್ಕುದ್ದ ಯೋಳ್ಬ್ಯಾಡಿ.”

“ಮಿಕ್ಕುದ್ದು ಏನು ಅಂತ ನೀನೇ ಯೋಳ್ಬುಡು. ನಾನ್ಯಾಕ ಅಂದಾಜ್ ಕಟ್ಟಕೋಗ್ಲಿ?”

“ಯೋಳಂಗಿಲ್ಲ ಮಾವ. ಯೋಳಲ್ಲ ಅಂತ ಇಬ್ರೂ ರುಜು ಆಕಿವಿ.”

“ನಿಮ್ಮವ್ವಂಗೂ ಯೋಳಂಗಿಲ್ವಾ?”

“ಅವ್ವಂಗೂ ಯೋಳಿಲ್ಲ.”

ಮುಚ್ಚಿಡುವಂಥದ್ದು ಇದ್ದರೆ ತಾನೆ ಮುಚ್ಚಿಡುವುದು ಎಂದು ಶಿವಮೂರ್ತಿ ಮನಸ್ಸಿನಲ್ಲೇ ತೀರ್ಪು ಬರೆದ. ಅಳಿಯ ಬಾಯಿ ಬಿಟ್ಟಿದ್ದರೆ ಅದೊಂದು ಸಾಕ್ಷಿಯಾಗುತ್ತಿತ್ತು, ಬಿಡದೆ ಇದ್ದದ್ದು ಇನ್ನೂ ದೊಡ್ಡ ಸಾಕ್ಷಿಯಾಯಿತು. ಬೆಳಿಗ್ಗೆ ಟೀ ಅಂಗಡಿಯಲ್ಲಿ, ಹೆತ್ತ ತಾಯಿಗೂ ಹೇಳಿಲ್ಲವಂತೆ ಎಂದು ಶುರುಮಾಡಿದ. ಈ ಸಲ ಹೇಳಿದ್ದು ಸುಳ್ಳಲ್ಲವಲ್ಲ ಎಂಬ ಸಮಾಧಾನವೂ ಅವನಿಗಿತ್ತು.

ಹೀಗಿರುವಾಗ ಒಂದು ದಿನ ಚನ್ನಯ್ಯ ಪೇಪರು ಕೈಗೆ ಕೊಡುವ ಮೊದಲೇ ಸುದ್ದಿ ಕೊಟ್ಟ. ಹಿಂದಿನ ಸಂಜೆ ತಾಳಮಲೆ ದಾರಿಯಲ್ಲಿ ನಂಜನಿಗೆ ಆನೆ ಎದುರಾಗಿ ಎತ್ತಿ ಎಸೆದಿತ್ತು. ಜೀವ ಉಳಿದಿತ್ತು, ಕಾಲು ಮುರಿದಿತ್ತು. ಜೀಪಿನಲ್ಲಿ ಹಾಕಿಕೊಂಡು ತಾಳವಾಡಿ ಆಸ್ಪತ್ರೆಗೆ ತಂದಿದ್ದರು.

“ನಂಜ ಕೂಗ್ದೆ ಓಗನಲ್ವಲ್ಲ,” ಎಂದ ಚನ್ನಯ್ಯ.

“ಕುಡುದಿರ್ಬೇಕು,” ಎಂದ ದೊಡ್ಡಯ್ಯ. ಬೆಂಚು ಅದನ್ನು ಒಪ್ಪಿತು.

ಶಿವಮೂರ್ತಿ ಟೀ ಲೋಟವನ್ನು ಬೆಂಚಿನ ಮೇಲಿಟ್ಟ. ನಂಜ ಏಕೆ ಕೂಗಲಿಲ್ಲ ಎಂಬುದು ಆ ಅಂಗಡಿಯಲ್ಲಿ ಗೊತ್ತಿದ್ದವನು ಅವನೊಬ್ಬನೇ. ಉಳಿದವರು ನಕ್ಕು ಮರೆತಿದ್ದರು, ಅವನಿಗೆ ಮಾತ್ರ ತಾನು ಆಡಿದ ಒಂದೊಂದು ಮಾತೂ ನೆನಪಿತ್ತು. ಕುಡ್ದಿರ್ನಿಲ್ಲ ಕಣ್ಲಾ ಎಂದು ಹೇಳಲು ಬಾಯಿ ತೆರೆದ. ಹೇಳಿದರೆ ಮುಂದಿನದನ್ನೂ ಹೇಳಬೇಕಾಗುತ್ತದೆ ಎಂದು ಮುಚ್ಚಿಕೊಂಡ. ಮುರಿದ ಕಾಲಿನ ಮೇಲೆ ಕುಡುಕನೆಂಬ ಹೆಸರೂ ನಂಜನಿಗೆ ಬರಲು ಬಿಟ್ಟು, ತಲೆ ತಗ್ಗಿಸಿಕೊಂಡು ತಾಳವಾಡಿಯ ಬಸ್ಸು ಹತ್ತಿದ.

ಆಸ್ಪತ್ರೆಯಲ್ಲಿ ನಂಜನ ಕಾಲಿಗೆ ಪಟ್ಟಿ ಕಟ್ಟಿ, ಸತ್ಯಮಂಗಲಕ್ಕೆ ಕರೆದೊಯ್ಯಲು ವ್ಯಾನಿಗಾಗಿ ಕಾಯುತ್ತಿದ್ದರು. ಅವನು ಕಣ್ಣು ಮುಚ್ಚಿ ಮಲಗಿದ್ದ. ಮಧುಕುಮಾರ ತಲೆಯ ಹತ್ತಿರ ನಿಂತಿದ್ದ. ನಂಜನ ಹೆಂಡತಿ ಪುಟ್ಟಮಾದಿ ಗೋಡೆಗೊರಗಿ ಕೆಳಗೆ ಕೂತಿದ್ದವಳು, ಶಿವಮೂರ್ತಿಯನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು. ಅವನು ತಂದ ಹಣ್ಣಿನ ಚೀಲವನ್ನು ಎರಡು ಕೈಯಲ್ಲಿ ಇಸಿದುಕೊಂಡಳು.

“ಕೂಗ್ನಿಲ್ವಾ?” ಎಂದ ಶಿವಮೂರ್ತಿ. ಉತ್ತರ ಗೊತ್ತಿದ್ದೂ ಕೇಳಿದ. ತನ್ನ ಅಂದಾಜು ಒಂದು ಸಲವಾದರೂ ತಪ್ಪಾಗಲಿ ಎಂದು ಆಸೆಪಟ್ಟು ಕೇಳಿದ.

“ಎಂಗ್ ಕೂಗಾನು ಬುದ್ದಿ? ಕೂಗ್ಬಾರ್ದು ಅಂತ ಪೇಪರ್ನಲ್ಲಿ ಬಂದದಲ್ಲ. ನಾ ಕೂಗು ಕೂಗು ಅಂತ್ಲೇ ಬಡ್ಕಂಡಿ. ಕೂಗುದ್ರ ಮದಣ್ಣನ ಜೈಲ್ಗ ಆಕ್ತರ ಕಣಮ್ಮಿ ಅಂದ. ಅವತ್ನಿಂದ ಬಾಯ್ ಕಟ್ಕಂಡೇ ಓಡಾಡವ್ನ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ನೀವು ಓದ್ದೋರು ಯೋಳಿದ್ದು ಒಳ್ಳೇದಾಯ್ತು ಬುದ್ದಿ. ಇಲ್ದೋದ್ರ ಇವ ಕೂಗ್ಬುಟ್ಟು ಮದಣ್ಣಂಗ ತೊಂದ್ರ ಮಾಡ್ಬುಡಾನು.”

ಬೈದಿದ್ದರೆ ನಿಂತು ಬೈಸಿಕೊಳ್ಳುತ್ತಿದ್ದ. ಅವಳು ಉಪಕಾರ ನೆನೆಯುತ್ತಿದ್ದಳು. ಶಿವಮೂರ್ತಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಮಧುಕುಮಾರ ಮಾತ್ರ ಅವನನ್ನೇ ನೋಡುತ್ತಿದ್ದ. ಪೇಪರಿನ ಹೆಸರಿನಲ್ಲಿ ನಂಜನ ಬಾಯಿ ಕಟ್ಟಿದ ವಿಷಯ ಅಳಿಯನಿಗೆ ಆಗಷ್ಟೇ ತಿಳಿದದ್ದು.

ಹೊರಗೆ ಅಂಗಳಕ್ಕೆ ಬಂದ ಮೇಲೆ ಅಳಿಯ ಕೇಳಿದ. “ಅಂಗ್ ಯೋಳಿದ್ರಾ ಮಾವ?”

“ತಮಾಸೆಗ ಅಂದಿ ಕಣ್ಲಾ.”

“ರಾಜಿಲಿ ಏನದ ಅಂತ ನಾನು ಈಗ್ಲೂ ಯೋಳಂಗಿಲ್ಲ. ಇದೊಂದು ಯೋಳ್ಬೌದು. ನಂಜಣ್ಣನ ಬಾಯ್ ಕಟ್ಟ ಮಾತು ಅದ್ರಲ್ಲಿಲ್ಲ. ಎಲ್ಲೂ ಇರಾಕಿಲ್ಲ. ಅದು ನಿಮ್ಗ ಗೊತ್ತಿರ್ನಿಲ್ವಾ?”

“ಗೊತ್ತಿತ್ತು,” ಎಂದ ಶಿವಮೂರ್ತಿ.

ಮಧುಕುಮಾರ ತಿರುಗಿ ನಂಜನ ಹತ್ತಿರ ಒಳಗೆ ಹೋದ. ತಿಳಿಯದೆ ಆದ ತಪ್ಪು ಎಂದುಕೊಳ್ಳುವ ಅವಕಾಶವೂ ಶಿವಮೂರ್ತಿಗೆ ಉಳಿಯಲಿಲ್ಲ. ಬಸ್ಸಿನಲ್ಲಿ ಪರಿಚಯದವರು ಪಕ್ಕದಲ್ಲಿ ಜಾಗ ಕೊಟ್ಟು ಕರೆದರೂ ಅವನು ಹೋಗಿ ಕೂರಲಿಲ್ಲ. ಊರು ಬರುವವರೆಗೂ ಬಾಗಿಲ ಕಂಬಿ ಹಿಡಿದು ನಿಂತೇ ಬಂದ.

ಮಾರನೆಯ ಬೆಳಿಗ್ಗೆ ಅವನು ಪೇಪರು ಬಿಡಿಸದೆ ಬೆಂಚಿನ ಮುಂದೆ ನಿಂತ. ಅವತ್ತು ಪೇಪರಿನಲ್ಲಿ ಇದ್ದದ್ದು ಎರಡು ಕಡೆಯವರೂ ತಗ್ಗಿ ರಾಜಿಯಾದರು ಎಂದಷ್ಟೇ, ಉಳಿದದ್ದೆಲ್ಲ ತನ್ನ ಬಾಯಿಯದು, ಮಧುಕುಮಾರ ಯಾರನ್ನೂ ಬಿಟ್ಟುಕೊಟ್ಟ ಎಂದು ಅಲ್ಲಿ ಬರೆದಿರಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದ.

ದೊಡ್ಡಯ್ಯ ಬೀಡಿಯ ಬೂದಿ ಕೊಡವಿದ. “ಅಂಗಾದ್ರ ಏನ್ ತಕ್ಕಂಡ ಅಂತ ಯೋಳು.”

“ನಂಗ ಗೊತ್ತಿಲ್ಲ ಕಣ.”

“ಗೊತ್ತಿಲ್ಲ ಅನ್ನು ಅಂತ ಅವ್ನೇ ಯೋಳ್ಕೊಟ್ನಾ?” ಎಂದ ದೊಡ್ಡಯ್ಯ, ಎಲ್ಲರ ಕಡೆ ಕಣ್ಣು ಮಿಟುಕಿಸಿ. “ಮಾವ ಅಳಿಯ ಒಂದಾದ್ರು ಕಣ್ರಪ್ಪ. ಇವ್ನಿಗೂ ಏನೋ ಮುಟ್ಟದ.”

ಬೆಂಚು ನಕ್ಕಿತು. ಆ ನಗು ಶಿವಮೂರ್ತಿಗೆ ಹೊಸದಲ್ಲ, ತಾನೇ ಇಷ್ಟು ವರ್ಷ ಸಾಕಿ ಬೆಳೆಸಿದ್ದು. ಅಷ್ಟು ವರ್ಷದಲ್ಲಿ ಗೊತ್ತಿಲ್ಲ ಎಂಬ ಮಾತನ್ನು ಅವನು ಆ ಬೆಂಚಿನ ಮುಂದೆ ಒಮ್ಮೆಯೂ ಆಡಿರಲಿಲ್ಲ, ಈಗ ಆಡಿದರೆ ನಂಬುವವರು ಒಬ್ಬರೂ ಇರಲಿಲ್ಲ. ನಂಜನ ವಿಷಯ ಹೇಳಬೇಕೆಂದು ಮನೆಯಿಂದ ನಿರ್ಧಾರ ಮಾಡಿಕೊಂಡೇ ಹೊರಟಿದ್ದ. ನಗು ಕೇಳಿದ ಮೇಲೆ ಧೈರ್ಯ ಬರಲಿಲ್ಲ. ಮುಖ್ಯವಾದದ್ದನ್ನು ನುಂಗಿಕೊಂಡೇ ಮನೆಗೆ ಬಂದು, ಅಂದು ಊಟಕ್ಕೂ ಏಳಲಿಲ್ಲ.

ಮುರಿದ ಮೂಳೆ ಕೂಡಿಕೊಂಡು ನಂಜ ಮತ್ತೆ ತಿಗನಾರೆಗೆ ಬಂದಾಗ ಹೊಲಗಳಲ್ಲಿ ರಾಗಿ ತೆನೆ ಬಾಗಿತ್ತು. ಕೋಲೂರಿಕೊಂಡು, ಒಂದು ಕಾಲನ್ನು ಎಳೆದುಕೊಂಡು ಬಂದ. ಈ ಸಲ ಕಲ್ಲಿನ ಮೇಲೆ ಕೂರಲಿಲ್ಲ, ನೇರವಾಗಿ ಬೆಂಚಿನ ಮುಂದೆ ಬಂದು ನಿಂತ. ಅಂಗಡಿ ತುಂಬಿತ್ತು.

“ಇವತ್ನ ಪೇಪರು ಬಂತಾ ಬುದ್ದಿ?” ಎಂದು ಶಿವಮೂರ್ತಿಯನ್ನು ಕೇಳಿದ. “ಕೂಗು, ಏನೂ ಆಗಲ್ಲ ಅಂತನ ಮದಣ್ಣ. ಅವನು ನಾನು ಬದುಕ್ಲಿ ಅಂತ ಅಂಗಂತನ, ತನಗ ಏನಾದ್ರೂ ಆಗ್ಲಿ ಅನ್ನೋನು ಅವನು. ಅದ್ಕ ನಿಮ್ ತಾವ ಬಂದಿ. ಪೇಪರ್ನಲ್ಲಿ ಏನ್ ಬಂದದ ನೋಡಿ. ಕನ್ನಡ್ದಲ್ಲಿ ಯೋಳದು ಬ್ಯಾಡ, ತಮಿಳ್ನಲ್ಲಿ ಎಂಗದೋ ಅಂಗೇ ಓದಿ.”

ಶಿವಮೂರ್ತಿ ಪೇಪರು ಬಿಡಿಸಿದ. ಎಲೆಕೋಸಿನ ಧಾರಣೆ, ಯಾವುದೋ ಮದುವೆ ಮಂಟಪದ ಜಾಹೀರಾತು, ಈರೋಡಿನಲ್ಲಿ ನೀರಿನ ಗಲಾಟೆ. ಆದರೆ ಒಂದು ವಾಕ್ಯ ಅವನ ನಾಲಗೆಯ ತುದಿಯಲ್ಲಿ ಸಿದ್ಧವಾಗಿ ನಿಂತಿತ್ತು. ಪೇಪರಿನವರ ತಮಿಳಿನಲ್ಲೇ, ಯಾರಿಗೂ ಅನುಮಾನ ಬಾರದ ಹಾಗೆ: ತಾಳಮಲೆಯ ನಂಜ ಎಂಬವರು ಎಂದಿನಂತೆ ಕೂಗಲು ಯಾವ ಅಡ್ಡಿಯೂ ಇಲ್ಲ. ಓದಿದಂತೆ ಮಾಡಿ ಹೇಳಿಬಿಟ್ಟರೆ ಯಾರಿಗೂ ನಷ್ಟವಿರಲಿಲ್ಲ. ನಂಜ ಕೂಗಿಕೊಂಡು ಮನೆ ಸೇರುತ್ತಿದ್ದ, ಇವನ ಮಾನವೂ ಉಳಿಯುತ್ತಿತ್ತು. ನಂಜ ಕೋಲಿನ ಮೇಲೆ ಭಾರ ಬಿಟ್ಟು, ಒಂದು ಅಕ್ಷರವೂ ತಪ್ಪಿಹೋಗದಿರಲಿ ಎಂಬಂತೆ ಕಿವಿಯನ್ನು ಮುಂದೆ ಮಾಡಿ ಬಾಗಿದ. ಆ ಬಾಗಿದ ಕಿವಿಗೆ ಇನ್ನೊಂದು ಕಟ್ಟಿದ ಮಾತು ತುಂಬಲು ಶಿವಮೂರ್ತಿಯಿಂದ ಆಗಲಿಲ್ಲ.

“ಇದ್ರಲ್ಲಿ ಏನೂ ಇಲ್ಲ ನಂಜ,” ಎಂದ. “ಅವತ್ನ ಪೇಪರ್ನಲ್ಲೂ ಇರ್ನಿಲ್ಲ. ನೀ ಕೂಗ್ಬಾರ್ದು ಅಂತ ಯಾರೂ ಬರ್ದಿರ್ನಿಲ್ಲ. ಅದ್ನ ನಾನೇ ಅಂದದ್ದು.”

ಬಾಗಿದ್ದ ನಂಜ ನೆಟ್ಟಗಾದ. “ಸುಮ್ಸುಮ್ಕ ಅಂದ್ರಾ?”

“ಊಂ.”

“ಯಾಕ ಬುದ್ದಿ?”

“ಇವ್ರೆಲ್ಲ ನಗ್ಲಿ ಅಂತ,” ಎಂದ ಶಿವಮೂರ್ತಿ. ದನಿ ಅವನದೆಂದು ಅವನಿಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು. ಬೆಂಚಿನಲ್ಲಿ ದೊಡ್ಡಯ್ಯ ಸೇರಿ ಯಾರೂ ತಲೆ ಎತ್ತಲಿಲ್ಲ.

ನಂಜ ಅವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ. ಕೋಪ ಮಾಡಿಕೊಳ್ಳಲಿಲ್ಲ.

“ತಮಾಸೆ ಕಣ್ಲಾ ಅಂತ ಅವತ್ತೇ ಒಂದ್ ಮಾತು ಅಂದಿದ್ರ,” ಎಂದ, “ನಾನೂ ನಗಾಡ್ತಿದ್ನಲ್ಲ ಬುದ್ದಿ.”

ಮತ್ತೆ ಕೋಲು ಊರಿಕೊಂಡು ತಾಳಮಲೆ ದಾರಿಯ ಕಡೆ ಹೊರಟ. ಕಾಲು ಎಳೆಯುತ್ತಿದ್ದದ್ದರಿಂದ ಅವನು ತೀರ ನಿಧಾನವಾಗಿ ಹೋಗುತ್ತಿದ್ದ. ಅವನು ಮರೆಯಾಗುವವರೆಗೂ ಶಿವಮೂರ್ತಿ ಅಲ್ಲೇ ನಿಂತು ನೋಡಬೇಕಾಯಿತು.